ಮೂಗನ್ನು ನಂಬಬೇಡಿ, ಮುಳ್ಳನ್ನು ನೋಡಿ



ವಾಸನೆ ಬಂದರೆ ಮಾತ್ರ ಗ್ಯಾಸ್ ಲೀಕ್ ಎಂದು ನಮ್ಮಲ್ಲಿ ಹೆಚ್ಚಿನವರ ಎಣಿಕೆ. ಎಲ್‌ಪಿಜಿಗೆ ಆ ವಾಸನೆ ಬರುವುದು ಅದಕ್ಕೆ ಬೆರೆಸುವ ಮರ್ಕಾಪ್ಟನ್‌ನಿಂದ. ಒಗ್ಗರಣೆ, ಈರುಳ್ಳಿ, ಫಿನಾಯಿಲ್ ನಡುವೆ ದಿನವಿಡೀ ದುಡಿಯುವವರ ಮೂಗಿಗೆ ಸಣ್ಣ ಸೋರಿಕೆ ತಿಳಿಯುವುದಿಲ್ಲ. ಈ ಗ್ಯಾಸ್ ಗಾಳಿಗಿಂತ ಭಾರ; ನೆಲದಲ್ಲಿ, ಗಟಾರದಲ್ಲಿ ಹೋಗಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಸುಮಾರು 2 ಪಾಲು ಸೇರಿದರೆ ಒಂದು ಕಿಡಿ ಸಾಕು. 2015ರ ಅಕ್ಟೋಬರ್‌ನಲ್ಲಿ ಮುಂಬಯಿಯ ಕುರ್ಲಾದ ಹೊಟೇಲೊಂದರಲ್ಲಿ ಬೆಂಕಿಗೆ 8 ಮಂದಿ ಬಲಿಯಾದುದನ್ನು ಯಾರೂ ಮರೆಯುವಂತಿಲ್ಲ.

ಅದಕ್ಕೇ ಪ್ರೆಶರ್ ಟೆಸ್ಟ್ ಬೇಕು. ರಾತ್ರಿ ಕೆಲಸ ಮುಗಿದ ಮೇಲೆ ಎಲ್ಲ ಬರ್ನರ್, ಪೈಲಟ್ ಆರಿಸಿ ವಾಲ್ವ್ ಮುಚ್ಚಿ. ಲೈನಿನಲ್ಲಿ ಗ್ಯಾಸ್ ಇರುವಾಗಲೇ ಸಿಲಿಂಡರ್ ವಾಲ್ವುಗಳನ್ನೂ ಮುಚ್ಚಿ. ಪೈಪು ತಣ್ಣಗಾಗಲಿ, ಬಿಸಿ ಇಳಿದರೆ ಒತ್ತಡವೂ ಸ್ವಲ್ಪ ಇಳಿಯುತ್ತದೆ. ಆಮೇಲೆ ಗೇಜಿನ ಮುಳ್ಳು ಎಲ್ಲಿದೆ ಎಂದು ಬರೆದಿಡಿ. ಅರ್ಧ ಗಂಟೆ ಬಿಟ್ಟು ನೋಡಿ. ಮುಳ್ಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಸೋರುತ್ತಿದೆಯೋ ಇಲ್ಲವೋ ಎಂದು ಗೇಜ್ ಹೇಳುತ್ತದೆ. ಎಲ್ಲಿ ಎಂದು ಸಾಬೂನು ನೀರಿನ ಗುಳ್ಳೆ ತೋರಿಸುತ್ತದೆ. ಬೆಂಕಿಕಡ್ಡಿ ಗೀರಿ ನೋಡುವವರಿದ್ದರೆ ಇಂದೇ ನಿಲ್ಲಿಸಿ.

ಗೇಜ್ ಲೈನಿಗೆ ತಕ್ಕದ್ದಿರಬೇಕು. ಮನೆ ಒಲೆಗೆ ರೆಗ್ಯುಲೇಟರ್ ಕೊಡುವ ಒತ್ತಡ ಸುಮಾರು 30 ಮಿಲಿಬಾರ್, ಅಂದರೆ 30 ಸೆಂಟಿಮೀಟರ್ ನೀರನ್ನು ಎತ್ತುವಷ್ಟು ಮಾತ್ರ. ಇಂಥ ಲೈನಿಗೆ 10 ಕಿಲೋ ಗೇಜ್ ಹಾಕಿದರೆ ಮುಳ್ಳು ಅಲುಗುವುದೇ ಇಲ್ಲ. ನೀರು ತುಂಬಿದ ಯು ಆಕಾರದ ಕೊಳವೆ ಇಟ್ಟು ನೋಡುವ ಕಂತ್ರಾಟುದಾರನೇ ಸರಿ. ಹೊಸ ಪೈಪು ಹಾಕಿಸಿದಾಗ ಗ್ಯಾಸ್ ಬಿಡುವ ಮೊದಲೇ ಗಾಳಿ ಅಥವಾ ನೈಟ್ರೋಜನ್ ತುಂಬಿ ಪರೀಕ್ಷಿಸಬೇಕು. ಆಕ್ಸಿಜನ್ ಎಂದಿಗೂ ಬೇಡ. ಎಷ್ಟು ಒತ್ತಡ, ಎಷ್ಟು ಹೊತ್ತು ನಿಂತಿತು ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ.

ಕಾರ್ಮಿಕರ ರೂಮಿನ ಒಲೆಯನ್ನೂ ಮರೆಯಬೇಡಿ. ಅಲ್ಲಿನ 14.2 ಕಿಲೋ ಸಿಲಿಂಡರಿನ ಕೊರಳ ಪಟ್ಟಿಯಲ್ಲಿ ಮುಂದಿನ ಟೆಸ್ಟಿನ ಅವಧಿ ಬರೆದಿರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಜೂನ್‌ವರೆಗೆ, ಸಿ ಸೆಪ್ಟೆಂಬರ್‌ವರೆಗೆ, ಡಿ ಡಿಸೆಂಬರ್‌ವರೆಗೆ. ಪಕ್ಕದ ಅಂಕೆ ಇಸವಿ. ಅವಧಿ ದಾಟಿದ್ದರೆ ಇಳಿಸಿಕೊಳ್ಳಬೇಡಿ. ಸುರಕ್ಷಾ ಟ್ಯೂಬನ್ನು 5 ವರ್ಷಕ್ಕೊಮ್ಮೆ ಬದಲಿಸಿ.

ಸೋರಿಕೆ ಕಂಡರೆ ಸ್ವಿಚ್ ಮುಟ್ಟದೆ ಬಾಗಿಲು ತೆರೆಯಿರಿ, ಎಲ್ಲರನ್ನೂ ಹೊರಗೆ ಕಳುಹಿಸಿ 1906ಕ್ಕೆ ಫೋನ್ ಮಾಡಿ. ರಾತ್ರಿ ಶಟರ್ ಎಳೆದ ಮೇಲೆ ನಾವು ಮನೆಗೆ ಹೋಗುತ್ತೇವೆ. ಒಳಗೆ ಮಲಗುವವರು ನಮ್ಮನ್ನು ನಂಬಿ ಊರು ಬಿಟ್ಟು ಬಂದ ಹುಡುಗರು. ಅವರಿಗಾಗಿ ವಾರಕ್ಕೆ ಅರ್ಧ ಗಂಟೆ ದೊಡ್ಡದಲ್ಲ.