ಬಂದಣಿಕೆಯ ಹಕ್ಕಿ ಯಾವ ಕುಲದ್ದು?

ಊರಿನ ಹಿತ್ತಲ ಮಾವಿನ ಮರದಲ್ಲಿ ಬಂದಣಿಕೆಯನ್ನು ಕಾಣದವರು ನಮ್ಮ ವಾಚಕರಲ್ಲಿ ವಿರಳ. ಮರದ ಎಲೆ ಒಂದು ಬಗೆ, ಕೊಂಬೆಯ ನಡುವೆ ಗೊಂಚಲುಗಟ್ಟಿದ ಎಲೆ ಇನ್ನೊಂದು ಬಗೆ. ಬಂದಣಿಕೆ ಕೊಬ್ಬಿದಂತೆಲ್ಲ ಆ ಕೊಂಬೆಯ ತುದಿ ಸೊರಗುತ್ತ ಬರುವುದು. ನೆಲದಲ್ಲಿ ಬೇರೂರದ ಈ ಗಿಡ ಅಷ್ಟು ಎತ್ತರಕ್ಕೆ ಹತ್ತಿದ್ದಾದರೂ ಹೇಗೆ? ಹತ್ತಿಸಿದ್ದು ಒಂದು ಹಕ್ಕಿ. ಹೆಬ್ಬೆರಳಿಗಿಂತ ತುಸು ದೊಡ್ಡದಾದ ಆ ಹಕ್ಕಿಯ ಕುಲಗೋತ್ರವನ್ನು ನಿರ್ಣಯಿಸಲು ಪಂಡಿತರಿಗೆ ಇನ್ನೂರು ವರ್ಷಗಳೇ ಹಿಡಿದವು. ಆ ಕಥೆಯನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ.

ಕನ್ನಡದಲ್ಲಿ ಇದನ್ನು ಬದನಿಕೆ ಹಕ್ಕಿ ಎನ್ನುವರು, ಬದನಿಕೆಯೆಂದರೂ ಬಂದಣಿಕೆಯೇ. ಇಂಗ್ಲಿಷಿನಲ್ಲಿ ಫ್ಲವರ್‌ಪೆಕರ್. ಶಾಸ್ತ್ರಜ್ಞರು ಇಟ್ಟ ಕುಲನಾಮ ಡೈಸಿಯಮ್. ಈ ಕುಲದಲ್ಲಿ ನಲವತ್ತಕ್ಕೂ ಮೇಲ್ಪಟ್ಟು ಜಾತಿಗಳಿವೆ; ಇಂಡಿಯಾದಿಂದ ಹಿಡಿದು ಬರ್ಮಾ, ಮಲಯ, ಫಿಲಿಪೈನ್ಸ್, ನ್ಯೂಗಿನಿಗಳನ್ನು ದಾಟಿ ಆಸ್ಟ್ರೇಲಿಯದವರೆಗೆ ಅವು ಹರಡಿವೆ. ಅಸ್ಸಾಮಿನ ಕಡೆಯ ಒಂದು ಜಾತಿಯ ಗಂಡಿಗೆ ನೆತ್ತಿಯಿಂದ ಬಾಲದ ಬುಡದವರೆಗೆ ಕುಂಕುಮ ಚೆಲ್ಲಿದಂತಹ ಕೆಂಪು. ಹಿಮಾಲಯದ ಇನ್ನೊಂದಕ್ಕೆ ಮಿರುಗುವ ಹಸಿರುನೀಲಿ ಬೆನ್ನು, ಎದೆಯ ಮೇಲೆ ಕೆಂಡದಂತಹ ಚುಕ್ಕೆ. ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಕಾಣುವ ಜಾತಿ ಮಾತ್ರ ಬಣ್ಣದಲ್ಲಿ ಬಡವ: ಬೂದುಹಸಿರು ಮೈ, ಮಾಸಲು ಹೊಟ್ಟೆ, ಎಂಟು ಸೆಂಟಿಮೀಟರ್ ಉದ್ದ. ಇಂಡಿಯಾದ ಅತಿ ಚಿಕ್ಕ ಹಕ್ಕಿಗಳಲ್ಲಿ ಇದೂ ಒಂದು.

ಬಣ್ಣದಲ್ಲಿ ಬಡವನಾದರೂ ಇದರ ಕಸಬು ಸಾಮಾನ್ಯವಲ್ಲ. ಬಂದಣಿಕೆಯ ಹಣ್ಣಿನೊಳಗೆ ಬೀಜದ ಸುತ್ತ ಹಲಸಿನ ಮೇಣದಂತಹ ಅಂಟು ಇರುವುದು. ಹಕ್ಕಿ ಹಣ್ಣನ್ನು ಇಡಿಯಾಗಿ ನುಂಗುತ್ತದೆ. ಬೀಜ ಸ್ವಲ್ಪವೂ ಕೆಡದೆ ಸ್ವಲ್ಪ ಹೊತ್ತಿನಲ್ಲಿಯೇ ಹೊರಬರುತ್ತದೆ. ಆದರೆ ಅಂಟಿನ ದೆಸೆಯಿಂದ ಅದು ಮೈಬಿಟ್ಟು ಬೀಳದು. ಹಕ್ಕಿ ಕೊಂಬೆಯ ಮೇಲೆ ಅತ್ತಿತ್ತ ಸರಿದು, ಹಿಂಭಾಗವನ್ನು ತೊಗಟೆಗೆ ಉಜ್ಜಿ ಬೀಜವನ್ನು ಕಳಚಿಕೊಳ್ಳಬೇಕು. ಕಳಚಿದ ಬೀಜ ಕೊಂಬೆಗೇ ಅಂಟಿಕೊಂಡು ಅಲ್ಲಿಯೇ ಮೊಳೆಯುತ್ತದೆ. ಬಿತ್ತುವವನಿಗೆ ತಾನು ಬಿತ್ತುತ್ತಿದ್ದೇನೆಂಬ ಅರಿವೇ ಇಲ್ಲ! ಇದೇ ಹಕ್ಕಿ ಬಂದಣಿಕೆಯ ಬಲಿತ ಮೊಗ್ಗನ್ನು ಕೊಕ್ಕಿನಿಂದ ಹಿಸುಕಿ ಬಿರಿಸುವುದೂ ಉಂಟು; ಮಕರಂದವನ್ನು ಹೀರುವಾಗ ಪರಾಗ ತಲೆಗೆ ಮೆತ್ತಿಕೊಂಡು ಮುಂದಿನ ಹೂವಿಗೆ ಸಾಗುತ್ತದೆ. ಕೊಂಕಣ ಪ್ರಾಂತದಲ್ಲಿ ಈ ವ್ಯವಹಾರವನ್ನು ಕಣ್ಣಾರೆ ಕಂಡು, 1931ರಲ್ಲಿ ಬೊಂಬಾಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಲೇಖನವಾಗಿ ಬರೆದವರು ಸಲೀಂ ಅಲಿ ಅವರು.

ತೋಟಗಾರನಿಗೆ ಇದು ನಷ್ಟದ ಬಾಬತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮದ್ದು ಹಕ್ಕಿಗೆ ಕಲ್ಲೆಸೆಯುವುದಲ್ಲ; ಬಂದಣಿಕೆ ಹಣ್ಣಾಗುವ ಮೊದಲೇ ಅದು ಹಿಡಿದ ಕೊಂಬೆಯನ್ನು ಬುಡಸಹಿತ ಕಡಿಯುವುದು. ಅಡವಿಯಲ್ಲಾದರೋ ಹೂವಿಲ್ಲದ ದಿನಗಳಲ್ಲಿ ಎಷ್ಟೋ ಹಕ್ಕಿಗಳಿಗೆ ಬಂದಣಿಕೆಯೇ ಅನ್ನಛತ್ರ. ಅಲ್ಲಿ ಅದರ ತಂಟೆಗೆ ಹೋಗದಿರುವುದೇ ಲೇಸು.

ಇನ್ನು ಕುಲದ ವಿಚಾರ. ನಮ್ಮ ಊರಿನ ಹಕ್ಕಿಗೆ 1790ರಲ್ಲಿ ಶಾಸ್ತ್ರೀಯ ನಾಮಕರಣ ಮಾಡಿದವರು ಇಂಗ್ಲೆಂಡಿನ ಜಾನ್ ಲೇಥಮ್. ಅವರು ಇದನ್ನು ಕಾಂಡದ ಮೇಲೆ ಹರಿದಾಡುವ ಬೇರೊಂದು ಹಕ್ಕಿಯ ಕುಲಕ್ಕೆ ಸೇರಿಸಿ, ಕೆಂಪು ಕೊಕ್ಕಿನದು ಎಂಬರ್ಥದ ಹೆಸರಿಟ್ಟರು. ಕೊಕ್ಕು ನಿಜವಾಗಿ ಮಾಸಲು ಗುಲಾಬಿ. ಹೆಸರು ಮಾತ್ರ ಇಂದಿಗೂ ಹಾಗೆಯೇ ಉಳಿದಿದೆ. 1816ರಲ್ಲಿ ಫ್ರಾನ್ಸಿನ ಕ್ಯೂವಿಯೇ ಡೈಸಿಯಮ್ ಎಂಬ ಪ್ರತ್ಯೇಕ ಕುಲವನ್ನು ಸ್ಥಾಪಿಸಿದರು. ರೋಮಿನ ಈಲಿಯನ್ ಎಂಬ ಪ್ರಾಚೀನ ಗ್ರಂಥಕಾರ ಇಂಡಿಯಾದ ಪುಟ್ಟ ಹಕ್ಕಿಯೊಂದನ್ನು ಹೆಸರಿಸಿದ್ದನಂತೆ. ಅದರಿಂದಲೇ ಈ ಪದ. ಈಲಿಯನ್ ಹೇಳಿದ ಪ್ರಾಣಿ ಹಕ್ಕಿಯೇ ಅಲ್ಲ, ಸೆಗಣಿಹುಳುವಾಗಿರಬೇಕೆಂದು ಆಮೇಲಿನ ಪಂಡಿತರ ಊಹೆ. ನಾಮಕರಣದ ಗತಿಯೇ ಹೀಗೆ!

ಗೊಂದಲ ಹೆಚ್ಚಿದ್ದು ಕುಲಗಳನ್ನು ಕುಟುಂಬವಾಗಿ ಕಟ್ಟುವಾಗ. 1947ರಲ್ಲಿ ಅರ್ನ್ಸ್ಟ್ ಮಾಯರ್ ಮತ್ತು ಡೀನ್ ಅಮಡಾನ್ ಎಂಬ ಇಬ್ಬರು ವಿದ್ವಾಂಸರು ಈ ಕುಟುಂಬದ ಬಗ್ಗೆ ಪ್ರೌಢ ಪ್ರಬಂಧವೊಂದನ್ನು ಬರೆದರು. ಡೈಸಿಯಮ್ ಜೊತೆಗೆ ನ್ಯೂಗಿನಿಯ ಹಣ್ಣುಕುಟುಕ ಹಕ್ಕಿಗಳನ್ನೂ ಆಸ್ಟ್ರೇಲಿಯದ ಪಾರ್ಡಲೋಟ್ ಎಂಬ ಚುಕ್ಕೆಹಕ್ಕಿಗಳನ್ನೂ ಅವರು ಒಂದೇ ಮನೆಗೆ ಸೇರಿಸಿದರು. ಎಲ್ಲವೂ ಗಿಡ್ಡ ದೇಹ, ಮೊಂಡು ಬಾಲ, ಚಿಕ್ಕ ಕೊಕ್ಕಿನವು. ಆದರೆ ಪಾರ್ಡಲೋಟ್ ನೀಲಗಿರಿ ಮರದ ಎಲೆಯ ಮೇಲಿನ ಹುಳುಗಳನ್ನೂ ಅವು ಸ್ರವಿಸುವ ಸಿಹಿಯನ್ನೂ ತಿನ್ನುವ ಹಕ್ಕಿ. ಮಣ್ಣಿನ ದಿಣ್ಣೆಯಲ್ಲೋ ಮರದ ಪೊಟರೆಯಲ್ಲೋ ಗೂಡು ಮಾಡುತ್ತದೆ. ಬದನಿಕೆ ಹಕ್ಕಿಯಾದರೋ ನಾರು ನೂಲುಗಳಿಂದ ಪುಟ್ಟ ಸಂಚಿ ಹೆಣೆದು, ಪಕ್ಕದಲ್ಲಿ ಬಾಗಿಲಿಟ್ಟು, ಕೊಂಬೆಗೆ ತೂಗುಹಾಕುತ್ತದೆ. ಇಷ್ಟು ಅಂತರವಿದ್ದರೂ ರೂಪಸಾಮ್ಯವೇ ಗೆದ್ದಿತು. ಇಡ್ಲಿ ದೋಸೆ ಮಾರುವವರನ್ನೆಲ್ಲ 'ಮದ್ರಾಸಿ'ಗಳೆಂದು ಒಂದೇ ಪಂಕ್ತಿಯಲ್ಲಿ ಕೂರಿಸುವ ಪಟ್ಟಣದಲ್ಲಿ ಗಲ್ಲೆಯ ಮೇಲೆ ಕುಳಿತ ನಮಗೆ ಈ ಬಗೆಯ ವರ್ಗೀಕರಣ ಹೊಸದೇನೂ ಅಲ್ಲ.

ಈ ಪಂಕ್ತಿಯನ್ನು ಎಬ್ಬಿಸಿದವರಲ್ಲಿ ಪ್ರಮುಖರು ಅಮೆರಿಕದ ಚಾರ್ಲ್ಸ್ ಸಿಬ್ಲಿ. ಅವರು ಮೊದಲು ಹಿಡಿದ ದಾರಿ ನಮ್ಮ ಅಡುಗೆಮನೆಯವರಿಗೂ ಸುಲಭವಾಗಿ ತಿಳಿಯುವಂಥದು: ಬಗೆಬಗೆಯ ಹಕ್ಕಿಗಳ ಮೊಟ್ಟೆಯ ಬಿಳಿಯ ಲೋಳೆಯನ್ನು ತಂದು, ವಿದ್ಯುತ್ತಿನ ಸಹಾಯದಿಂದ ಅದರ ಪ್ರೋಟೀನುಗಳನ್ನು ಬಿಡಿಸಿ, ಒಂದಕ್ಕೊಂದು ಹೋಲಿಸಿದರು. 1960ರಿಂದ ಆ ಬಗ್ಗೆ ಅವರ ಲೇಖನಗಳು ಬಂದವು. ಆಮೇಲೆ ಜಾನ್ ಆಲ್ಕ್ವಿಸ್ಟ್ ಅವರೊಡಗೂಡಿ ಡಿ.ಎನ್.ಎ.ಗೇ ಕೈಹಾಕಿದರು. ಡಿ.ಎನ್.ಎ. ಎಂಬುದು ಎರಡು ಎಳೆಗಳ ಹುರಿ. ಒಂದು ಹಕ್ಕಿಯ ಎಳೆಯನ್ನು ಇನ್ನೊಂದರ ಎಳೆಯೊಡನೆ ಕೂಡಿಸಿ ಮೆಲ್ಲಮೆಲ್ಲನೆ ಕಾಯಿಸಬೇಕು. ಸಮೀಪದ ಬಂಧುಗಳಾದರೆ ಹೆಚ್ಚು ಕಾವಿನವರೆಗೂ ಎಳೆಗಳು ಬಿಗಿಯಾಗಿ ನಿಲ್ಲುತ್ತವೆ. ದೂರದವರಾದರೆ ಬೇಗನೆ ಬಿಟ್ಟುಕೊಳ್ಳುತ್ತವೆ. 1990ರಲ್ಲಿ ಅವರ ಮಹಾಗ್ರಂಥ ಹೊರಬಂದಿತು. ಪಾರ್ಡಲೋಟುಗಳು ಆಸ್ಟ್ರೇಲಿಯದ ಜೇನುಹೀರುಕಗಳ ಬಳಗಕ್ಕೆ ಸೇರಿದವು. ನ್ಯೂಗಿನಿಯ ಹಣ್ಣುಕುಟುಕಗಳೂ ಬೇರೆ ಮನೆ ಹೂಡಿದವು. ಡೈಸಿಯಮ್‌ಗೆ ಅತಿ ಸಮೀಪದ ದಾಯಾದಿಯೆಂದು ಕಂಡುಬಂದದ್ದು ಸೂರಕ್ಕಿ, ಅಂದರೆ ನಮ್ಮ ದಾಸವಾಳದ ಗಿಡಕ್ಕೆ ಬರುವ ಬಾಗಿದ ಉದ್ದ ಕೊಕ್ಕಿನ ಹಕ್ಕಿ. ಆಮೇಲಿನ ಪರೀಕ್ಷೆಗಳು ಕೆಲವು ವಿವರಗಳನ್ನು ತಿದ್ದಿದರೂ ಈ ದಾಯಾದಿತನ ನಿಂತಿದೆ.

ಇದೆಲ್ಲ ಪಂಡಿತರ ಕಾಲಕ್ಷೇಪವೆಂದು ಯಾರಾದರೂ ಅಂದಾರು. ಹಾಗಲ್ಲವೆಂಬುದಕ್ಕೆ ನಮ್ಮ ಘಟ್ಟದ ಸಾಕ್ಷ್ಯವೇ ಇದೆ. ಕೊಡಗು, ಮಲೆನಾಡು, ನೀಲಗಿರಿಗಳ ಕಾಡಿನಲ್ಲಿ ಕಪ್ಪು ಕೊಕ್ಕಿನ ಒಂದು ಬದನಿಕೆ ಹಕ್ಕಿಯುಂಟು. 1840ರಲ್ಲಿ ಜೆರ್ಡನ್ ಇದಕ್ಕೆ ಹೆಸರಿಟ್ಟರು. ತರುವಾಯ ಬಹುಕಾಲ ಇದನ್ನು ಹಿಮಾಲಯ, ದಕ್ಷಿಣ ಚೀನಾ, ಜಾವಾಗಳ ಹಕ್ಕಿಯೊಡನೆ ಒಂದೇ ಜಾತಿಯೆಂದು ಎಣಿಸಲಾಗಿತ್ತು. 2005ರಲ್ಲಿ ಪಮೇಲಾ ರಾಸ್ಮುಸನ್ ಮತ್ತು ಜಾನ್ ಆಂಡರ್ಟನ್ ತಮ್ಮ ಗ್ರಂಥದಲ್ಲಿ ಘಟ್ಟದ ಹಕ್ಕಿಯನ್ನು ಬೇರೆ ಜಾತಿಯೆಂದು ಎಣಿಸಿದರು, ಅಂಡಮಾನಿನದೂ ಬೇರೆಯಾಯಿತು. ಮೊದಲಿನ ಲೆಕ್ಕದಂತೆ ಘಟ್ಟದಲ್ಲಿ ಅದು ಅಳಿದರೂ ಚೀನಾದಲ್ಲಿ ಉಳಿದಿದೆಯೆಂದು ಪುಸ್ತಕ ಸಮಾಧಾನ ಹೇಳುತ್ತಿತ್ತು. ಈಗ ಆ ಸಮಾಧಾನಕ್ಕೆ ಎಡೆಯಿಲ್ಲ. ಇಂದು ಅದು ಅಪಾಯದಲ್ಲಿರುವ ಹಕ್ಕಿಯೇನೂ ಅಲ್ಲ. ಆದರೆ ಮಹಾಬಲೇಶ್ವರದಿಂದ ತೆಂಕಣಕ್ಕಿರುವ ಬೆಟ್ಟಸಾಲನ್ನು ಬಿಟ್ಟರೆ ಅದಕ್ಕೆ ಬೇರೆ ದೊಡ್ಡ ಆಸರೆಯಿಲ್ಲ.

ಈ ಕುಲದ ಪಟ್ಟಿ ಇನ್ನೂ ಮುಗಿದಿಲ್ಲ. 2009ರಲ್ಲಿ ಬೋರ್ನಿಯೋದ ಡಾನಮ್ ಕಣಿವೆಯಲ್ಲಿ, ಮರಗಳ ನೆತ್ತಿಯ ಎತ್ತರಕ್ಕೆ ಕಟ್ಟಿದ ತೂಗುದಾರಿಯ ಮೇಲಿದ್ದವರಿಗೆ, ಬಂದಣಿಕೆಯ ಹಣ್ಣು ತಿನ್ನುತ್ತಿದ್ದ ಅಪರಿಚಿತ ಹಕ್ಕಿಯೊಂದು ಕಂಡಿತು. ಕಣ್ಣಿನ ಸುತ್ತ ಕನ್ನಡಕದಂತಹ ಬಿಳಿ ಗುರುತು. ಮಾದರಿ ದೊರೆತು, ಅಲ್ಲಿನ ದಯಾಕ್ ಜನರ ಹೆಸರಿನಲ್ಲಿ ಅದಕ್ಕೆ ನಾಮಕರಣವಾದದ್ದು 2019ರಲ್ಲಿ.

ಇದನ್ನು ನೋಡಬೇಕೆನ್ನುವ ವಾಚಕರು ಬೋರ್ನಿಯೋಗೆ ಹೋಗಬೇಕಾದ ಕಾರಣವಿಲ್ಲ. ಮುಂಬಯಿ, ಪುಣೆ, ಮದ್ರಾಸು, ಹೈದರಾಬಾದುಗಳಲ್ಲಿಯೂ ನಾವು ಊರಿನಲ್ಲಿ ಗಸಗಸೆ ಹಣ್ಣಿನ ಮರವೆನ್ನುವ ಗಿಡ ಬೀದಿಬದಿಯಲ್ಲಿರುತ್ತದೆ. ಅದರ ಸಿಹಿ ಕೆಂಪು ಹಣ್ಣೆಂದರೆ ಈ ಹಕ್ಕಿಗೆ ಪ್ರಾಣ. ಬೆಳಗಿನ ಗಿರಾಕಿಗಳ ಗಲಾಟೆ ಇಳಿದ ಮೇಲೆ ಅಂಥ ಮರದ ಕೆಳಗೆ ಐದು ನಿಮಿಷ ನಿಂತರೆ ಸಾಕು. ಮೊದಲು ಕಿವಿಗೆ ಬೀಳುವುದು ಬಿಡದೆ ಕೇಳಿಬರುವ ಚಿಕ್ ಚಿಕ್ ಸದ್ದು. ಆಮೇಲೆ ಎಲೆಯ ಮರೆಯಲ್ಲಿ ಏನೋ ಅಲುಗುವುದು. ಕೊಕ್ಕು ಉದ್ದವಾಗಿ ಬಾಗಿದ್ದರೆ ಸೂರಕ್ಕಿ. ಗಿಡ್ಡವಾಗಿ ಮಾಸಲು ಗುಲಾಬಿಯಾಗಿದ್ದರೆ ಅದೇ ಬದನಿಕೆ ಹಕ್ಕಿ.