ಪೈಥಾನ್ ಒಳಗೆ ಕೀಲಿ ಕೊಟ್ಟು ಹೋಗೋರು ಯಾರು?

ಸಿ ಲ್ಯಾಬಲ್ಲಿ ಮೊದಲು ಕಲಿಯೋದು ಇದು: ಮ್ಯಾಲಾಕ್ ಮಾಡಿದ್ರೆ ಫ್ರೀ ಮಾಡಲೇಬೇಕು. ಪೈಥಾನ್‌ಗೆ ಬಂದ ಮೇಲೆ ಆ ಚಿಂತೆ ಇರೋದಿಲ್ಲ. ಆದರೆ ನಾವು ಸಾಮಾನ್ಯವಾಗಿ ಬಳಸುವ ಸಿಪೈಥಾನ್ ಬರೆದಿರೋದೇ ಸಿ ಭಾಷೆಯಲ್ಲಿ. ಹಾಗಾದ್ರೆ ಒಳಗೆ ಫ್ರೀ ಮಾಡೋರು ಯಾರು?

ಆಳಂದ, ಅಫಜಲಪುರ, ಜೇವರ್ಗಿಯ ಮೂರು ಜನ ಹುಡುಗರು ಕಲಬುರಗಿಯಲ್ಲಿ ಒಂದು ರೂಮ್ ಮಾಡಿದ್ದಾರೆ ಅಂದ್ಕೊಳ್ರಿ. ರೂಮ್ ಬಿಡುವಾಗ ನಿಯಮ ಒಂದೇ: ಕಡೆಗೆ ಹೋಗುವವನು ಮಾಲೀಕರಿಗೆ ಕೀಲಿ ಕೊಡಬೇಕು. ಆಳಂದದವನು ಮೊದಲೇ ಕೊಟ್ಟರೆ ಉಳಿದ ಇಬ್ಬರೂ ಬೀದಿಗೆ. ಯಾರೂ ಕೊಡದಿದ್ದರೆ ರೂಮ್ ಸುಮ್ಮನೆ ಖಾಲಿ ಬಿದ್ದಿರುತ್ತೆ.

ಪೈಥಾನ್‌ನ ಪ್ರತಿ ಆಬ್ಜೆಕ್ಟ್ ಒಳಗೂ ಇಂಥದ್ದೇ ಒಂದು ಲೆಕ್ಕ ಇದೆ, ಅದೇ ರೆಫರೆನ್ಸ್ ಕೌಂಟ್. ಹೊಸಬರು ಹಿಡಿದುಕೊಂಡರೆ ಒಂದು ಹೆಚ್ಚು, ಬಿಟ್ಟರೆ ಒಂದು ಕಡಿಮೆ. ಸೊನ್ನೆ ಆದ ತಕ್ಷಣ ಮೆಮೊರಿ ವಾಪಸ್. ಸಿಯಲ್ಲಿ ಎಕ್ಸ್‌ಟೆನ್ಷನ್ ಬರೆಯುವವರು ಈ ಲೆಕ್ಕವನ್ನ ಕೈಯಾರೆ ಇಡಬೇಕು: ಏರಿಸೋಕೆ ಪೈ-ಇನ್‌ಕ್ರೆಫ್, ಇಳಿಸೋಕೆ ಪೈ-ಡೆಕ್ರೆಫ್. ಇಳಿಸೋದು ಮರೆತರೆ ಮೆಮೊರಿ ಲೀಕ್. ಒಂದು ಸಲ ಹೆಚ್ಚು ಇಳಿಸಿದರೆ, ಬೇರೆಯವರು ಬಳಸುತ್ತಿರೋ ಆಬ್ಜೆಕ್ಟೇ ಮಾಯ.

ನಿಜವಾದ ತೊಂದರೆ 'ಎರವಲು' ರೆಫರೆನ್ಸ್‌ನಲ್ಲಿ. ಪೈಲಿಸ್ಟ್-ಗೆಟ್‌ಐಟಂ ಫಂಕ್ಷನ್ ಐಟಂ ಕೊಡುತ್ತೆ, ಆದರೆ ಲೆಕ್ಕ ಏರಿಸೋದಿಲ್ಲ. ರೂಮಿಗೆ ಬಂದ ನೆಂಟನ ಹಾಗೆ. ಅವನು ಲೆಕ್ಕಕ್ಕೇ ಇಲ್ಲ. ಪೈಥಾನ್‌ನ ಅಧಿಕೃತ ಕೈಪಿಡಿಯಲ್ಲೇ ಒಂದು ಉದಾಹರಣೆ ಇದೆ. ಲಿಸ್ಟ್‌ನ 0ನೇ ಐಟಂ ಎರವಲು ತಗೊಂಡಿದ್ದೀವಿ. ಆಮೇಲೆ 1ನೇ ಜಾಗಕ್ಕೆ ಹೊಸ ಬೆಲೆ ಹಾಕ್ತೀವಿ. 0ನೆಯದಕ್ಕೂ ಇದಕ್ಕೂ ಏನು ಸಂಬಂಧ ಅನಿಸುತ್ತೆ. ಆದರೆ 1ನೇ ಜಾಗದ ಹಳೆ ಆಬ್ಜೆಕ್ಟ್‌ನ ಲೆಕ್ಕ ಸೊನ್ನೆ ಆದರೆ ಅದರ ಡೆಲ್ ಮೆಥಡ್ ಓಡುತ್ತೆ. ಅದು ಬಳಕೆದಾರರು ಬರೆದ ಕೋಡ್. ಅದೇ ಲಿಸ್ಟ್‌ನ 0ನೇ ಐಟಂನ್ನ ಅಳಿಸಿಬಿಡಬಹುದು! ಈಗ ನಮ್ಮ ಪಾಯಿಂಟರ್ ಖಾಲಿ ಮಾಡಿದ ರೂಮಿನ ವಿಳಾಸ ಹಿಡಿದು ನಿಂತಿದೆ. ಹಳೆಯ ಪೈಥಾನ್‌ನಲ್ಲೇ ಈ ಥರದ ಬಗ್ ಇತ್ತು, ಅದನ್ನ ಹುಡುಕೋಕೆ ಒಬ್ಬರು ಡಿಬಗರ್ ಮುಂದೆ ಬಹಳ ಹೊತ್ತು ಕೂತಿದ್ರು ಅಂತ ಕೈಪಿಡಿ ಹೇಳುತ್ತೆ.

ಪರಿಹಾರ ಎರಡೇ ಸಾಲು: ಎರವಲು ತಂದ ಕೂಡಲೇ ಇನ್‌ಕ್ರೆಫ್, ಕೆಲಸ ಮುಗಿದ ಮೇಲೆ ಡೆಕ್ರೆಫ್.

ಸ್ಟ್ರಕ್ಚರ್ ಒಳಗಿನ ಪಾಯಿಂಟರ್ ಬಿಡುವಾಗಲೂ ಇದೇ ಎಚ್ಚರ ಬೇಕು. ಅದಕ್ಕೇ ಪೈ-ಕ್ಲಿಯರ್ ಇದೆ: ಅದು ಮೊದಲು ಪಾಯಿಂಟರನ್ನ ನಲ್ ಮಾಡಿ, ಆಮೇಲೆ ಲೆಕ್ಕ ಇಳಿಸುತ್ತೆ. ನಡುವೆ ಯಾರ ಕೋಡ್ ಓಡಿದರೂ ಅದಕ್ಕೆ ಹಳೆ ವಿಳಾಸ ಸಿಗೋದಿಲ್ಲ. ಫ್ರೀ ಮಾಡೋದಷ್ಟೇ ಸಾಲದು, ಯಾವ ಕ್ರಮದಲ್ಲಿ ಮಾಡ್ತೀವಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ.