ಮಡಿಯಿಂದ ಪಾತಿಗೆ

ಹೂಗಿಡ ಬೆಳೆಸುವವರಲ್ಲಿ ಕೆಲವರಿಗೆ ಕೈಗುಣ ಉಂಟು, ಕೆಲವರಿಗೆ ಇಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಒಂದೇ ಅಂಗಡಿಯ ಬೀಜ, ಒಂದೇ ಬೀದಿಯ ಮಣ್ಣು. ಎದುರುಮನೆಯ ಪೆಟೂನಿಯ ನಳನಳಿಸುತ್ತಿದ್ದರೆ ನಮ್ಮ ಮನೆಯದು ನೆಟ್ಟ ಮೂರನೆಯ ದಿನವೇ ತಲೆ ಬಾಗಿಸಿ ಒಣಗಿರುತ್ತದೆ. ಆರು ವಾರಗಳ ಆರೈಕೆ ಒಂದು ಮಧ್ಯಾಹ್ನದ ಬಿಸಿಲಿಗೆ ವ್ಯರ್ಥವಾದುದಕ್ಕೆ ಕೈಗುಣವನ್ನು ದೂರುವುದಕ್ಕಿಂತ ಸಸಿಯ ಬೇರನ್ನು ನೋಡುವುದು ಮೇಲು.

ಎಳೆಯ ಸಸಿ ನೀರನ್ನು ಹೀರುವುದು ಬಹುಮಟ್ಟಿಗೆ ಬೇರಿನ ತುದಿಯ ಸಮೀಪದಲ್ಲಿ ಹಬ್ಬಿರುವ ರೋಮಗಳಿಂದ. ಒಂದೊಂದು ರೋಮವೂ ಒಂದೇ ಜೀವಕೋಶದ ಚಾಚು. ಮಣ್ಣಿನ ಕಣಗಳನ್ನು ಅಪ್ಪಿಕೊಂಡಿರುವ ಇವು ಸಸಿಯನ್ನು ಸೆಳೆದು ಕಿತ್ತೊಡನೆ ಹರಿದುಹೋಗುತ್ತವೆ. ಎಲೆಗಳಿಗಾದರೋ ಈ ಸುದ್ದಿ ತಿಳಿಯದು. ಅವು ಬಿಸಿಲಿನಲ್ಲಿ ನೀರನ್ನು ಆವಿಯಾಗಿ ಬಿಡುತ್ತಲೇ ಇರುತ್ತವೆ. ಸಂಬಳ ನಿಂತು ಖರ್ಚು ಮಾತ್ರ ನಡೆದ ಸಂಸಾರದ ಗತಿ ಸಸಿಗೆ ಒದಗುತ್ತದೆ. ಹೊಸ ರೋಮಗಳು ಮೂಡಲು ಕೆಲವು ದಿನ ಬೇಕು. ಆ ದಿನಗಳನ್ನು ದಾಟಿಸುವುದೇ ನಾಟಿಯ ಮರ್ಮ.

ಬೆಂಗಳೂರು, ಮೈಸೂರುಗಳಲ್ಲಿ ಜನವರಿಯ ಹೊತ್ತಿಗೆ ಹೂ ಬೇಕೆನ್ನುವವರು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬಿತ್ತುತ್ತಾರೆ. ಲಾಲ್‌ಬಾಗಿನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನವನ್ನು ನೋಡಿ, ಆ ಉತ್ಸಾಹದಲ್ಲಿ ಬೀಜ ಕೊಂಡು ಬರುವವರು ತಡಮಾಡಿದಂತೆಯೇ. ಅವರ ಸಸಿಗಳು ಮಾರ್ಚಿಯ ಬಿಸಿಲಿಗೆ ಸಿಕ್ಕಿಕೊಳ್ಳುತ್ತವೆ. ಪೆಟೂನಿಯ ಬೀಜ ಒಂದು ಗ್ರಾಮಿಗೆ ಸುಮಾರು 10,000 ಬರುವಷ್ಟು ಸಣ್ಣದು. ನುಣ್ಣನೆಯ ಮರಳಿನೊಡನೆ ಬೆರೆಸಿ ಮಡಿಯ ಮೇಲೆ ಉದುರಿಸಬೇಕು, ಮಣ್ಣು ಮುಚ್ಚಬೇಕಾಗಿಲ್ಲ. ಆಸ್ಟರ್ ಬೀಜ ಹಳತಾದರೆ ಸರಿಯಾಗಿ ಮೊಳೆಯದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕಾಮಿನಿ, ಪೂರ್ಣಿಮಾ ಮೊದಲಾದ ಒಳ್ಳೆಯ ತಳಿಗಳೂ ಇದಕ್ಕೆ ಹೊರತಲ್ಲ.

ಸಸಿಗೆ ನಾಲ್ಕರಿಂದ ಆರು ಎಲೆಗಳಾದಾಗ ಅದು ನಾಟಿಗೆ ಸಿದ್ಧ. ಆದರೆ ನೆರಳಿನಲ್ಲಿ ಮುದ್ದಾಗಿ ಬೆಳೆದುದನ್ನು ಒಮ್ಮೆಗೇ ಬಯಲಿಗೆ ತರಬಾರದು. ಒಂದು ವಾರ ಮೊದಲಿನಿಂದ ನೀರನ್ನು ತುಸು ಕಡಿಮೆಮಾಡುತ್ತ, ಮೊದಲು ಒಂದು ಗಂಟೆ, ಬಳಿಕ ಎರಡು ಗಂಟೆ ಎಂದು ಬೆಳಗಿನ ಎಳೆಬಿಸಿಲಿಗೆ ಒಡ್ಡಿದರೆ ಎಲೆಯ ಹೊರಪದರ ಗಡುಸಾಗುತ್ತದೆ. ಬಹುಪಾಲು ಜನ ಅವಸರದಲ್ಲಿ ಬಿಡುವುದು ಈ ವಾರವನ್ನೇ.

ನಾಟಿಗೆ ಸಂಜೆಯೇ ಲೇಸು, ಮೋಡ ಕವಿದಿದ್ದರೆ ಇನ್ನೂ ಲೇಸು. ಒಂದು ಗಂಟೆ ಮೊದಲು ಮಡಿಯನ್ನು ನೆನೆಸಿ, ಹಳೆಯ ಚಮಚದಿಂದ ಮಣ್ಣಿನ ಹೆಂಟೆಯೊಡನೆ ಸಸಿಯನ್ನು ಎತ್ತಬೇಕು. ಹಿಡಿಯುವುದು ಎಲೆಯನ್ನು, ಕಾಂಡವನ್ನಲ್ಲ. ಎಲೆ ಹರಿದರೆ ಇನ್ನೊಂದು ಚಿಗುರೀತು, ಕಾಂಡ ನಲುಗಿದರೆ ಸಸಿಯೇ ಹೋಯಿತು. ಆಸ್ಟರ್, ಪೆಟೂನಿಯ, ಆಂಟಿರೈನಮ್‌ಗಳನ್ನು ಮಡಿಯಲ್ಲಿದ್ದಷ್ಟೇ ಆಳಕ್ಕೆ, ಸುಮಾರು 30 ಸೆಂಟಿಮೀಟರ್ ಅಂತರದಲ್ಲಿ ನೆಡಬೇಕು. ಚೆಂಡುಹೂ ಮಾತ್ರ ಕಾಂಡದಿಂದಲೂ ಬೇರು ಬಿಡುವುದಾದ್ದರಿಂದ ತುಸು ಆಳಕ್ಕೆ ಹೋದರೂ ಚಿಂತೆಯಿಲ್ಲ. ಬೇರಿಗೂ ಮಣ್ಣಿಗೂ ನಡುವೆ ಪೊಳ್ಳು ಉಳಿಯದಂತೆ ಬೆರಳಿನಿಂದ ಹಗುರವಾಗಿ ಅದುಮಿ, ಹನಿಹನಿಯಾಗಿ ನೀರೆರೆಯಬೇಕು. ಈ ಹೊತ್ತಿಗೆ ರಾಸಾಯನಿಕ ಗೊಬ್ಬರ ಬೇಡ. ಅದರ ಲವಣ ಗಾಯಗೊಂಡ ಬೇರನ್ನು ಸುಡುತ್ತದೆ.

ಇನ್ನು ಮೂರು ನಾಲ್ಕು ದಿನ ನೆರಳು. ಪೇಟೆಯಲ್ಲಿ ಹಸಿರು ಬಲೆ ದೊರೆಯುವುದಾದರೂ ಅಂಗೈಯಗಲದ ಬಾಳೆಪಟ್ಟೆಯನ್ನು ಬಗ್ಗಿಸಿ ಸಸಿಯ ಮೇಲೆ ಕೊಡೆಯಂತೆ ಊರುವುದು ನಮ್ಮ ಹಿತ್ತಿಲುಗಳಿಗೆ ಸಾಕಾದ ಉಪಾಯ. ಸಂಜೆ ಅದನ್ನು ತೆಗೆದಿಟ್ಟರೆ ಸಸಿಗೆ ರಾತ್ರಿಯ ತಂಪು ದೊರೆಯುತ್ತದೆ. ನಡುಹಗಲು ಎಲೆ ಬಾಡಿದುದನ್ನು ಕಂಡು ಗಾಬರಿಯಿಂದ ಕೊಡಗಟ್ಟಲೆ ನೀರು ಸುರಿಯಬಾರದು. ಮಣ್ಣು ತೇವವಾಗಿಯೇ ಇದ್ದು, ಸಂಜೆಗೆ ಎಲೆ ಚೇತರಿಸಿಕೊಂಡರೆ ಬೇರು ಹಿಡಿಯುತ್ತಿದೆಯೆಂದೇ ಅರ್ಥ. ಕೆಸರಾದ ಮಣ್ಣಿನಲ್ಲಿ ಬೇರಿಗೆ ಉಸಿರಾಡಲು ಗಾಳಿಯಿಲ್ಲದೆ ಕೊಳೆಯುತ್ತದೆ.

ಗಸಗಸೆ ಜಾತಿಯ ಪಾಪಿ ಹೂಗಳಿಗೆ ಈ ಉಪಚಾರವೊಂದೂ ಒಗ್ಗದು. ಅವುಗಳ ತಾಯಿಬೇರು ಅಲುಗಾಟವನ್ನು ಸಹಿಸದಾದ್ದರಿಂದ ಪಾತಿಯಲ್ಲಿಯೇ ಬಿತ್ತಿ, ಹೆಚ್ಚಾದುದನ್ನು ಕಿತ್ತುಹಾಕುವುದು ರೂಢಿ. ಉಳಿದವುಗಳಲ್ಲಿ ಹತ್ತಿಪ್ಪತ್ತು ಸಸಿಗಳನ್ನು ಹದಿನೈದು ದಿನಗಳ ಕಾಲ ಮಡಿಯಲ್ಲಿಯೇ ಬಿಟ್ಟಿರಬೇಕು. ಪಾತಿಯಲ್ಲಿ ಒಂದೆರಡು ಬಸವನಹುಳುವಿನ ಪಾಲಾದರೆ ಆ ಜಾಗಕ್ಕೆ ಅದೇ ವಯಸ್ಸಿನ ಸಸಿ ಸಿದ್ಧವಿರುತ್ತದೆ.